ಓದುಗರ ಪ್ರಶ್ನೆ: ಅಟ್ಟದಿಂದ ಇಳಿದ ಬೇತಾಳ

ಪ್ರ: ಶಾಲೆಯಲ್ಲಿದ್ದಾಗ ‘ಚಂದಮಾಮ’ ಎಂದರೆ ಊಟ ಬಿಟ್ಟು ಓದುತ್ತಿದ್ದೆ. ಈಗ ನಲವತ್ತೈದು. ಹಳೆಯ ಸಂಚಿಕೆಗಳ ಬೈಂಡು ಸಿಕ್ಕಿತೆಂದು ಎರಡೇ ರಾತ್ರಿಯಲ್ಲಿ ಧಾರಾವಾಹಿ, ಬೇತಾಳ ಕಥೆ ಎಲ್ಲ ಮುಗಿಸಿದೆ. ಏನೂ ಅನ್ನಿಸಲಿಲ್ಲ. ನಾನೇ ಬತ್ತಿಹೋದೆನೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉ: ಎರಡು ರಾತ್ರಿ ಎಂದಿರಲ್ಲ, ಎಡವಟ್ಟು ಆಗಿರುವುದು ಅಲ್ಲೇ. ಆ ಧಾರಾವಾಹಿಗಳನ್ನು ಹೆಣೆದದ್ದೇ ತಿಂಗಳಿಗೊಂದು ಕಂತಿನ ಲೆಕ್ಕದಲ್ಲಿ. ಕಂತಿನ ಕೊನೆಗೆ ನಾಯಕ ಕಂದಕಕ್ಕೋ ರಾಕ್ಷಸನ ಕೈಗೋ ಬೀಳಬೇಕು, ಮುಂದಿನ ತಿಂಗಳು ಹಿಂದಿನ ಕಥೆ ನೆನಪಿಸಿಯೇ ಮುಂದೆ ಹೋಗಬೇಕು. ಹನ್ನೆರಡು ಕಂತು ಒಟ್ಟಿಗೆ ನುಂಗಿದರೆ ಹನ್ನೆರಡು ಕಂದಕ, ಹನ್ನೆರಡು ನೆನಪೋಲೆ. ಯಾರಿಗಾದರೂ ಸಾಕೆನಿಸುತ್ತದೆ. ವಾರಕ್ಕೊಂದು ಕಂತು ಓದಿ, ಅದಕ್ಕೂ ಮೊದಲು ಚಿತ್ರ ನೋಡಿ. ಧಾರಾವಾಹಿಗೆ ‘ಚಿತ್ರಾ’, ಬೇತಾಳನಿಗೆ ‘ಶಂಕರ್’ ಬರೆಯುತ್ತಿದ್ದ ಚಿತ್ರಗಳಲ್ಲಿ ಅರ್ಧ ಕಥೆ ಇರುತ್ತದೆ. ದೊಡ್ಡವರು ಅಕ್ಷರದ ಹಿಂದೆ ಓಡಿ ಅದನ್ನು ಬಿಟ್ಟುಬಿಡುತ್ತಾರೆ.

ಬೇತಾಳ ಕಥೆಗೆ ಬೇರೆ ಉಪಾಯ. ‘ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ’ ಎಂಬಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ. ನಿಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದು, ಆಮೇಲೆ ರಾಜನ ಉತ್ತರ ಓದಿ. ಸೋಮದೇವನ 11ನೇ ಶತಮಾನದ ‘ಕಥಾಸರಿತ್ಸಾಗರ’ದಲ್ಲಿ ಬರುವ ತಲೆ ಅದಲುಬದಲಾದ ಕಥೆಯನ್ನೇ ತೆಗೆದುಕೊಳ್ಳಿ. ಗಂಡನ ತಲೆ ಹೆಂಡತಿಯ ಅಣ್ಣನ ಮೈಗೆ, ಆ ಅಣ್ಣನ ತಲೆ ಗಂಡನ ಮೈಗೆ ಕೂತಿದೆ, ಈಗ ಅವಳ ಗಂಡ ಯಾರು? ಅಂಗಗಳಲ್ಲಿ ತಲೆಯೇ ಮುಖ್ಯ, ಆ ತಲೆ ಇದ್ದವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. ಹತ್ತು ವರ್ಷದವರಿಗೆ ಅದು ಸರಿ. ಸಂಸಾರ ಮಾಡಿದವರು ಅಷ್ಟು ಬೇಗ ಒಪ್ಪುವುದಿಲ್ಲ, ಕಾರ್ನಾಡರ ‘ಹಯವದನ’ ಹುಟ್ಟಿದ್ದು ಇದೇ ಗೊಂದಲದಿಂದ. ಹಾಗೆಂದು ಬೈಂಡಿನಲ್ಲಿರುವುದೆಲ್ಲ ಹಳೆಯ ಚಿನ್ನವಲ್ಲ. ಮೂಲದಲ್ಲಿ ಇಪ್ಪತ್ತೈದೇ ಕಥೆ. ಪತ್ರಿಕೆ ಅದೇ ಚೌಕಟ್ಟಿನಲ್ಲಿ ನೂರಾರು ಹೊಸ ಕಥೆ ಹೊಸೆಯಿತು, ಜೊಳ್ಳೂ ಇದೆ. ಜೊಳ್ಳು ಎನಿಸಿದ್ದನ್ನು ಸಂಕೋಚವಿಲ್ಲದೆ ದಾಟಿ.

ಪ್ರ: ಟ್ರಂಕಿನಲ್ಲಿದ್ದ ಸಂಚಿಕೆಗಳ ಪಿನ್ನು ತುಕ್ಕು ಹಿಡಿದಿವೆ, ಹಾಳೆ ಮುಟ್ಟಿದರೆ ಪುಡಿ. ಟೇಪ್ ಹಾಕಲೇ, ಲ್ಯಾಮಿನೇಷನ್ ಮಾಡಿಸಲೇ?
– ಓದುಗರೊಬ್ಬರು, ಹೊಳಲ್ಕೆರೆ

ಉ: ಎರಡೂ ಬೇಡ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರದ ಮೇಲೆ ಹರಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಅಗ್ಗದ ಕಾಗದದೊಳಗಿನ ಆಮ್ಲ ಒಳಗೇ ಉಳಿಯುತ್ತದೆ, ಬಿಚ್ಚಲೂ ಬರುವುದಿಲ್ಲ.

ಈ ಕೆಲಸವನ್ನು ಏಪ್ರಿಲ್–ಮೇ ತಿಂಗಳಲ್ಲಿ ಮಾಡಬೇಡಿ. ನಿಮ್ಮ ಕಡೆಯ ಒಣ ಬಿಸಿಲಿಗೆ ಹಾಳೆ ಹಪ್ಪಳವಾಗಿರುತ್ತದೆ. ನಾಲ್ಕು ಮಳೆ ಬಿದ್ದು ಗಾಳಿಯಲ್ಲಿ ಪಸೆ ಬಂದಾಗ ಮಡಿಕೆ ಮುರಿಯುವುದು ಕಡಿಮೆ. ಸಂಚಿಕೆಯನ್ನು ನಡುಪುಟಕ್ಕೆ ತೆರೆದು, ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ತೆಗೆಯಿರಿ. ಎಳೆದರೆ ತುಕ್ಕು ತಿಂದ ಜಾಗ ಹರಿಯುತ್ತದೆ. ಹಳೆಯ ತೂತು ಬಿಟ್ಟು ಮಡಿಕೆಯ ಮೇಲೆ ಮೂರು ಹೊಸ ತೂತು ಮಾಡಿ: ನಡುವೆ, ಮೇಲೆ, ಕೆಳಗೆ. ಹತ್ತಿಯ ದಾರವನ್ನು ಒಳಗಿನಿಂದ ನಡುತೂತಿಗೆ ಹಾಕಿ ಹೊರಗೆ ತನ್ನಿ, ಮೇಲಿನ ತೂತಿನಿಂದ ಒಳಗೆ, ನಡುವಿನದನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ. ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ತುದಿ ಇಟ್ಟುಕೊಂಡು ಗಂಟು ಹಾಕಿ. ದಾರವನ್ನು ಮಡಿಕೆಯ ಉದ್ದಕ್ಕೇ ಎಳೆಯಿರಿ, ಮೇಲಕ್ಕೆ ಎಳೆದರೆ ಹಾಳೆ ಸೀಳುತ್ತದೆ.

ಹರಿದ ಅಂಚಿಗೆ ಬಿಳಿ ಟಿಶ್ಯೂ ಕಾಗದದ ಪಟ್ಟಿ ಸಾಕು. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ತೆಳ್ಳಗೆ ಸವರಿ. ದಪ್ಪಗೆ ಮೆತ್ತಿದರೆ ಹಾಳೆ ಸುಕ್ಕಾಗುತ್ತದೆ, ಹುಳುಗಳಿಗೂ ಹಬ್ಬ. ಮೇಲೂ ಕೆಳಗೂ ಬಟರ್ ಪೇಪರ್ ಇಟ್ಟು ಒಂದು ರಾತ್ರಿ ಭಾರ ಹೇರಿ.

ಪ್ರ: ನಾರ್ನಿಯಾ ಸರಣಿ ಮತ್ತೆ ಓದಬೇಕು. ಈಗಿನ ಸೆಟ್ಟಿನ ಒಂದನೇ ಪುಸ್ತಕ ನಾನು ಮೊದಲು ಓದಿದ್ದಲ್ಲ. ಅಚ್ಚಿನ ತಪ್ಪೇ?
– ಓದುಗರೊಬ್ಬರು, ಚಿತ್ರದುರ್ಗ

ಉ: ತಪ್ಪಲ್ಲ. ನಾರ್ನಿಯಾ ಎಂಬ ಮಾಯಾನಾಡಿನ ಕಥೆ ಹೇಳುವ ಸಿ.ಎಸ್. ಲೂಯಿಸ್ ಅವರ ಏಳು ಇಂಗ್ಲಿಷ್ ಪುಸ್ತಕಗಳು 1950ರಿಂದ 1956ರವರೆಗೆ ಬಂದವು. ಬಟ್ಟೆಯ ಬೀರುವಿನ ಮೂಲಕ ಮಕ್ಕಳು ಹಿಮದ ನಾಡಿಗೆ ಹೋಗುವುದು ಮೊದಲು ಬಂದದ್ದು. ಈಗ 1 ಎಂದು ಅಚ್ಚಾಗಿರುವುದು 1955ರಲ್ಲಿ ಆರನೆಯದಾಗಿ ಬಂದದ್ದು, ಕಥೆಯೊಳಗಿನ ಕಾಲದ ಪ್ರಕಾರ ಅಂಕಿ ಹಾಕಿದ್ದಾರೆ. ಕಾಡಿನ ಹಿಮದ ನಡುವೆ ಒಂಟಿ ದೀಪದ ಕಂಬ ಉರಿಯುತ್ತಿರುತ್ತದಲ್ಲ, ಅದು ಅಲ್ಲಿಗೆ ಹೇಗೆ ಬಂತು ಎಂದು ಆ ಆರನೆಯದು ಹೇಳಿಬಿಡುತ್ತದೆ. ಹಾಗಾಗಿ ಬಂದ ಕ್ರಮದಲ್ಲೇ ಓದಿ, ಮನೆಯ ಮಕ್ಕಳಿಗೂ ಹಾಗೇ ಕೊಡಿ. ಮೊದಲು ಬಂದ ಪುಸ್ತಕದಲ್ಲಿ ಬರುವ ಸಿಂಹದ ಸಾವು, ಮರುಹುಟ್ಟಿನಲ್ಲಿ ಕ್ರಿಸ್ತನ ಕಥೆಯ ನೆರಳು ಈ ಸಲ ಢಾಳಾಗಿ ಕಾಣುತ್ತದೆ. ಅದು ಲೂಯಿಸ್ ಬೇಕೆಂದೇ ಇಟ್ಟದ್ದು.

ಪ್ರ: ಹಳೆಯ ಪುಸ್ತಕದ ಮೇಲೆ ಮಂಡಕ್ಕಿ-ಮಿರ್ಚಿಯ ಎಣ್ಣೆ ಕಲೆ. ಹೋಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉ: ನಿನ್ನೆಯದಾದರೆ ಹಾಳೆಯ ಎರಡೂ ಬದಿ ಕಾರ್ನ್‌ಫ್ಲೋರ್ ಉದುರಿಸಿ, ರಾತ್ರಿಯಿಡೀ ಬಿಟ್ಟು, ಮೆತ್ತನೆ ಬ್ರಶ್ಶಿನಿಂದ ಕೊಡವಿ. ಬಾಲ್ಯದ್ದಾದರೆ ಹೋಗುವುದಿಲ್ಲ. ಪೆಟ್ರೋಲ್, ಸೋಪು ಎಂದೆಲ್ಲ ಕೈಹಾಕಿ ಅಕ್ಷರ ಕಳೆದುಕೊಳ್ಳಬೇಡಿ.