ಭಾವ-ಮೈದುನರನ್ನು ವೈರಿಗಳನ್ನಾಗಿ ಮಾಡಿದಿರಲ್ಲ!

ಪ್ರಿಯ ಮಿತ್ರರೇ,

ಕೆನ್ಯಾದ ಗೋರ್ ಮಹಿಯಾ ಫುಟ್‌ಬಾಲ್ ಕ್ಲಬ್ ಬಗ್ಗೆ ನೀವು ಕಳಿಸಿದ 'ಹಸಿರು ಸಿಡಿಲು' ಲೇಖನವನ್ನು ಎರಡು ಸಲ ಓದಿದೆ. ನೈರೋಬಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೀರಿ, ಕ್ರೀಡಾಂಗಣದಲ್ಲಿ ಕೂತು ಪಂದ್ಯ ನೋಡಿದ್ದೀರಿ. ಇಂಥ ವಿಷಯ ನಮಗೆ ದಿನಾ ಬರೋದಿಲ್ಲ. ಇಸವಿಗಳು ಸರಿಯಾಗಿವೆ, ಕಾಗುಣಿತದ ತಪ್ಪೂ ಇಲ್ಲ. ಹೊಗಳಿಕೆ ಇಷ್ಟೇ. ಇನ್ನು ಮುಂದಿನದು ಜಗಳ.

ನಿಮ್ಮ ಮೂರನೇ ಪುಟದ ಸಾಲು ಇದು: "ಬದ್ಧ ವೈರಿಗಳಾದ ಎಎಫ್‌ಸಿ ಲೆಪರ್ಡ್ಸ್ ಜೊತೆಗಿನ ಈ ಕಾದಾಟವನ್ನು ಅಲ್ಲಿ ಮಶೆಮೇಜಿ ಡರ್ಬಿ ಎನ್ನುತ್ತಾರೆ."

ಇಲ್ಲಿಗೆ ಬಂದಾಗ ಓದೋದು ನಿಲ್ಲಿಸಿ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಶೆಮೇಜಿ (ಅದರ ಬಹುವಚನವೇ ಮಶೆಮೇಜಿ) ಅಂದರೆ ಸ್ವಾಹಿಲಿಯಲ್ಲಿ ಏನು ಅಂತ ನಿಮಗೆ ಗೊತ್ತಿಲ್ಲದೆ ಇರಲಿಕ್ಕಿಲ್ಲ. ಭಾವ, ಮೈದುನ, ಅತ್ತಿಗೆ, ನಾದಿನಿ, ಅಂದರೆ ಮದುವೆಯಿಂದ ಬಂದ ನೆಂಟರು. ಗೋರ್ ಮಹಿಯಾ ಲುವೋ ಜನರ ತಂಡ, ಲೆಪರ್ಡ್ಸ್ ಲುಹ್ಯಾ ಜನರದು. ಎರಡೂ ಪಶ್ಚಿಮ ಕೆನ್ಯಾದ ಅಕ್ಕಪಕ್ಕದ ಸಮುದಾಯಗಳು, ಹೆಣ್ಣು ಕೊಟ್ಟು ತಂದು ಬೆರೆತವು. ಅದಕ್ಕೇ ಈ ಹೆಸರು. ಡರ್ಬಿ ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯ. ನಮ್ಮ ಮಾತಿನಲ್ಲಿ ಇದು ಭಾವ-ಮೈದುನರ ಪಂದ್ಯ. ಅವರು ಇಷ್ಟು ಚೆಂದದ ಹೆಸರು ಇಟ್ಟುಕೊಂಡಿರುವಾಗ ನೀವು ಅದೇ ಸಾಲಿನಲ್ಲಿ ಬದ್ಧ ವೈರಿ ಅಂತ ಬರೆದಿದ್ದೀರಿ. ಮೊದಲರ್ಧ ಉಳಿದರ್ಧದ ಕಪಾಳಕ್ಕೆ ಹೊಡೆದ ಹಾಗಿದೆ.

ಭಾವ-ಮೈದುನರ ಜಗಳ ಹೇಗಿರುತ್ತದೆ ಅಂತ ಕನ್ನಡದ ಓದುಗರಿಗೆ ನೀವು ಹೇಳಿಕೊಡಬೇಕಿಲ್ಲ. ಮದುವೆ ಮನೆಯಲ್ಲಿ ಕಾಲೆಳೆಯೋದು, ಆಸ್ತಿ ವಿಷಯಕ್ಕೆ ಮಾತು ಬಿಡೋದು, ಹಬ್ಬಕ್ಕೆ ಮತ್ತೆ ಒಂದೇ ಸಾಲಲ್ಲಿ ಊಟಕ್ಕೆ ಕೂರೋದು. ಪೆಟ್ಟು ಬೀಳೋದಿಲ್ಲ ಅಂತಲ್ಲ. 2012ರ ಮಾರ್ಚ್‌ನಲ್ಲಿ ನೈರೋಬಿಯ ನ್ಯಾಯೊ ಕ್ರೀಡಾಂಗಣದಲ್ಲಿ ಗಲಾಟೆಯಾಗಿ ಇದೇ ಪಂದ್ಯ ಮಧ್ಯೆ ನಿಂತಿತ್ತು. ಅದನ್ನೂ ಬರೆಯಿರಿ. ನೆಂಟರ ಹೊಡೆದಾಟ ಅಂತ ಬರೆಯಿರಿ, ಆಗ ಅದರ ನೋವು ಬೇರೆಯೇ ಆಗುತ್ತದೆ.

ಇನ್ನೊಂದು ವಿಷಯವನ್ನು ನೀವು ಕಂಸದೊಳಗೆ ಒಂದೂವರೆ ಸಾಲಲ್ಲಿ ಮುಗಿಸಿದ್ದೀರಿ. 1980ರ ಸುಮಾರಿಗೆ ಸರ್ಕಾರ ಕ್ಲಬ್‌ಗಳಿಗೆ ಸಮುದಾಯದ ಹೆಸರು ಬೇಡ ಅಂದಿತು. ಆಗ ಗೋರ್ ಮಹಿಯಾ ಸ್ವಲ್ಪ ಕಾಲ 'ಗಲ್ಫ್ ಒಲಿಂಪಿಕ್ ರೇಂಜರ್ಸ್' ಆಯಿತು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ನೋಡಿ. ಜಿ, ಓ, ಆರ್. ಗೋರ್! ಲೆಪರ್ಡ್ಸ್‌ನವರೇನು ಕಡಿಮೆಯೇ? ಅವರ ಎಎಫ್‌ಸಿ ಮೊದಲು 'ಅಬಲುಹ್ಯಾ ಫುಟ್‌ಬಾಲ್ ಕ್ಲಬ್' ಆಗಿತ್ತು, ಆಮೇಲೆ 'ಆಲ್ ಫುಟ್‌ಬಾಲರ್ಸ್ ಕಾನ್‌ಫೆಡರೇಷನ್' ಆಯಿತು. ಇಬ್ಬರೂ ಒಂದೇ ಉಪಾಯ ಹೂಡಿ ಸರ್ಕಾರದ ಕಣ್ಣಿಗೆ ಮಣ್ಣೆರಚಿದರು. ಬದ್ಧ ವೈರಿಗಳಂತೆ! ಒಂದೇ ಮನೆಯ ಬುದ್ಧಿ ಅಲ್ವಾ ಇದು?

ಈಗ ಎರಡನೇ ಸಾಲು. "1987ರಲ್ಲಿ ಟ್ಯುನೀಷಿಯಾದ ಬಲಾಢ್ಯ ಎಸ್ಪೆರಾನ್ಸ್ ತಂಡವನ್ನು ಧೂಳೀಪಟ ಮಾಡಿ ಆಫ್ರಿಕನ್ ಕಪ್ ವಿನ್ನರ್ಸ್ ಕಪ್ ಮುಡಿಗೇರಿಸಿಕೊಂಡಿತು."

ಧೂಳೀಪಟವೇ? ಫೈನಲ್‌ನ ಎರಡೂ ಪಂದ್ಯ ಡ್ರಾ. ಟ್ಯುನಿಸ್‌ನಲ್ಲಿ 2-2, ಆಮೇಲೆ ನೈರೋಬಿಯಲ್ಲಿ 1-1. ಕೂಡಿಸಿದರೆ 3-3. ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ ಅನ್ನುವ ನಿಯಮ ಇತ್ತು. ಗೋರ್ ಟ್ಯುನಿಸ್‌ನಲ್ಲಿ ಎರಡು ಹೊಡೆದಿತ್ತು, ಎಸ್ಪೆರಾನ್ಸ್ ನೈರೋಬಿಯಲ್ಲಿ ಒಂದೇ. ಅದರಿಂದ ಕಪ್ ಬಂತು. ಅಂದರೆ ಫೈನಲ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಕಪ್ ಗೆದ್ದರು. ನೈರೋಬಿಯಲ್ಲಿ 1-1 ಇದ್ದಾಗ ಎಸ್ಪೆರಾನ್ಸ್ ಇನ್ನೊಂದು ಗೋಲು ಹೊಡೆದಿದ್ದರೆ ಎಲ್ಲ ಮುಗಿದಿತ್ತು. ಕೊನೆಯ ಹತ್ತು ನಿಮಿಷ ಆ ಜನ ಹೇಗೆ ಕೂತಿದ್ದಿರಬೇಕು! ಇವತ್ತಿಗೂ ಕೆನ್ಯಾದ ಬೇರೆ ಯಾವ ಕ್ಲಬ್ಬೂ ಆಫ್ರಿಕಾ ಮಟ್ಟದ ಕಪ್ ಗೆದ್ದಿಲ್ಲ. ಅಂಥ ದಿನದ ಜೀವವನ್ನೆಲ್ಲ ನಿಮ್ಮ ಧೂಳೀಪಟ ನುಂಗಿಬಿಟ್ಟಿದೆ.

ಈ ಪದದ ಮೇಲೆ ನನಗೆ ಹಳೇ ಸಿಟ್ಟಿದೆ. ನಾನು ಕೆಲಸ ಕಲಿತದ್ದು ಒಂದು ಸಂಜೆ ಪತ್ರಿಕೆಯ ಕ್ರೀಡಾ ಪುಟದಲ್ಲಿ. ಸೋಲಿಸಿದರು ಅನ್ನೋದಕ್ಕೆ ನನ್ನ ಹತ್ತಿರ ಹದಿನಾಲ್ಕು ಪದಗಳ ಪಟ್ಟಿ ಇತ್ತು. ಮಣಿಸಿದರು, ಮಣ್ಣುಮುಕ್ಕಿಸಿದರು, ಸದೆಬಡಿದರು, ನೀರು ಕುಡಿಸಿದರು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಟ್ಟು ಸರದಿ ಪ್ರಕಾರ ಬಳಸುತ್ತಿದ್ದೆ. ಒಂದು ದಿನ ಬೆಂಗಳೂರಿನ ಲೀಗ್ ಪಂದ್ಯವೊಂದಕ್ಕೆ 'ಬಗ್ಗುಬಡಿದರು' ಅಂತ ಬರೆದುಕೊಟ್ಟೆ. ಮೇಲಿನವರು, ಕೈಯಲ್ಲಿ ಯಾವಾಗಲೂ ಕೆಂಪು ರೀಫಿಲ್ ಹಿಡಿದಿರುತ್ತಿದ್ದ ಮನುಷ್ಯ, ಸ್ಕೋರು ಕೇಳಿದರು. ಒಂದು-ಸೊನ್ನೆ ಅಂದೆ. ಗೋಲು ಯಾರು ಹೊಡೆದದ್ದು? ಸೋತವರೇ, ತಪ್ಪಿ ತಮ್ಮ ಬಲೆಗೇ. "ಹಾಗಾದರೆ ಇದರಲ್ಲಿ ಬಗ್ಗಿದವರು ಯಾರು, ಬಡಿದವರು ಯಾರು?" ಅಂದರು. ಡೆಸ್ಕಿನವರೆಲ್ಲ ನಕ್ಕರು. ಮಾರನೇ ದಿನ ನನ್ನನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಅಟ್ಟಿದರು. ಸೋಲುವವರ ಹಿಂದೆ ಕೂತು ಬಾ, ಪದ ಹುಡುಕಬೇಡ ಅಂದರು. ಸೋತ ತಂಡದ ಗೋಲ್‌ಕೀಪರ್ ಪಂದ್ಯ ಮುಗಿದ ಮೇಲೆ ಗೋಲಿನ ಹಿಂದೆ ಬಗ್ಗಿಕೊಂಡು ಏನೋ ಹುಡುಕುತ್ತಿದ್ದ. ಬಸ್ ಪಾಸ್ ಕಳೆದುಹೋಗಿತ್ತು. ಅದನ್ನೂ ಬರೆದೆ. ಐದು ಪ್ಯಾರಾದಲ್ಲಿ ಅದೊಂದೇ ಪ್ಯಾರಾ ಅಚ್ಚಾಯಿತು, ಸ್ಕೋರಿನ ಜೊತೆ. ಕೊನೇ ಹಾಳೆ ಹರಿದು ಹಾಕಿದೆ ಅಂತ ಸುಳ್ಳು ಹೇಳಲಾರೆ, ಆಮೇಲೂ ಆರು ತಿಂಗಳು ಇಟ್ಟುಕೊಂಡಿದ್ದೆ.

ನಿಮ್ಮ ಲೇಖನದಲ್ಲಿ ಇನ್ನೂ ಏನೇನೋ ಇದೆ. ಕ್ಲಬ್ಬಿಗೆ ಹೆಸರು ಕೊಟ್ಟ ಲುವೋ ಮಾಂತ್ರಿಕ, 1968ರಲ್ಲಿ ಹುಟ್ಟಿದ ವರ್ಷವೇ ಲೀಗ್ ಗೆದ್ದದ್ದು, 1995ರ ನಂತರ ಮತ್ತೆ ಗೆಲ್ಲಲು 2013ರ ತನಕ ಕಾದದ್ದು. ಅವಕ್ಕೆ ನಾನು ಕೈ ಹಾಕೋದಿಲ್ಲ.

ಆದರೆ ಲೇಖನದ ಜೊತೆ ಸುಮ್ನೆ ಬರೆದ ನಿಮ್ಮ ಪತ್ರ ಮೇಜಿನ ಮೇಲಿದೆ. ನಿಮ್ಮ ಆಫೀಸಿನ ಡ್ರೈವರ್ ಗೋರ್ ಕಡೆ, ಅವರ ಹೆಂಡತಿಯ ತಮ್ಮ ಲೆಪರ್ಡ್ಸ್ ಕಡೆ. ಇಬ್ಬರೂ ಒಂದೇ ಮಟಾಟು (ಅಲ್ಲಿನ ಖಾಸಗಿ ಮಿನಿಬಸ್) ಹತ್ತಿ ಪಂದ್ಯಕ್ಕೆ ಹೋಗಿ, ಬೇರೆ ಬೇರೆ ಗೇಟಿನಲ್ಲಿ ಒಳಗೆ ಹೋಗುತ್ತಾರೆ ಅಂತ ಬರೆದಿದ್ದೀರಿ. ಲೇಖನದಲ್ಲಿ ಇವರಿಬ್ಬರೂ ಯಾಕಿಲ್ಲ? ಸಿಡಿಲಿನ ಶೀರ್ಷಿಕೆ ತೆಗೆದುಹಾಕಿ, ಆ ಮಟಾಟುವಿನಿಂದ ಶುರು ಮಾಡಿ ಮತ್ತೆ ಬರೆದು ಕಳಿಸಿ. ಪಂದ್ಯ ಮುಗಿಸಿ ವಾಪಸ್ ಬರುವಾಗ ಇಬ್ಬರ ಟಿಕೆಟ್ ದುಡ್ಡು ಯಾರು ಕೊಡುತ್ತಾರೆ ಅಂತಲೂ ಅವರನ್ನು ಫೋನ್ ಮಾಡಿ ಕೇಳಿ.

ಇತಿ,
ಸಂಪಾದಕ