ಅಕ್ಟೋಬರ್ ಕೊನೆಗೆ ಕೊಡಗಿನ ಕೆರೆ, ಜಲಾಶಯ ನೋಡಲು ಮೈಸೂರಿನಿಂದ ಯಾವ ದಾರಿ?

ಎರಡು ದಿನ, ಸಣ್ಣ ಕಾರು, ಮಡಿಕೇರಿ ಗದ್ದಲ ಬೇಡ ಅಂದಿದ್ದೀರಿ. ಹಾಗಿದ್ದರೆ ಮಡಿಕೇರಿಗೆ ಹೋಗಲೇಬೇಡಿ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಬನ್ನಿ, ಅಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ತಲಕಾವೇರಿಗೆ ಜನ ಸೇರುವ ಅಕ್ಟೋಬರ್ 17 ಅಥವಾ 18ರ ತುಲಾ ಸಂಕ್ರಮಣದ ಆಸುಪಾಸೂ ಬೇಡ, ದಸರಾ ದಿನಗಳೂ ಬೇಡ. ಅವು ಮುಗಿದ ವಾರದ ನಡುವೆ ಬಂದರೆ ರಸ್ತೆ ನಿಮ್ಮದೇ.

ಮೊದಲು ಹಾರಂಗಿ ಜಲಾಶಯ. ಮಳೆಗಾಲದಲ್ಲಿ ತುಂಬಿದ ನೀರು ಆಗಿನ್ನೂ ಚೆನ್ನಾಗಿಯೇ ಇರುತ್ತದೆ. ಹಿನ್ನೀರಿನ ಅಂಚಿಗೆ ಮಾತ್ರ ಇಳಿಯಬೇಡಿ: ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹೂಳು, ಕಾಲೂ ಚಕ್ರವೂ ಹೂತುಹೋಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಸೋಮವಾರಪೇಟೆ ಕಡೆ ಹೊರಡಿ. ಹಿಂಗಾರಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಸುರಿಯುವುದು. ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ತಿಂಡಿ ಮುಗಿಸಿಕೊಂಡು ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಹೋಗಿ. ಪೇಟೆಯಿಂದ ಹತ್ತಿರವೇ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಕೆರೆ ಅದು, ಆ ದಿನ ಬಿಟ್ಟರೆ ಜನ ಕಡಿಮೆ. ನನ್ನನ್ನು ಕೇಳಿದರೆ ಇಡೀ ಸುತ್ತಿನಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದೇ.

ಅಲ್ಲಿಂದ ಮಾದಾಪುರ, ಸುಂಟಿಕೊಪ್ಪ, ಗುಡ್ಡೆಹೊಸೂರು, ಆಮೇಲೆ ಸಿದ್ದಾಪುರ ರಸ್ತೆಯಲ್ಲಿ ನಂಜರಾಯಪಟ್ಟಣದ ಕಡೆ ಚಿಕ್ಲಿಹೊಳೆ ಜಲಾಶಯ. ಇಲ್ಲಿ ನೋಡಬೇಕಾದ್ದು ಅರ್ಧವೃತ್ತದ ಕೋಡಿ. ಜಲಾಶಯ ತುಂಬಿದ್ದರಷ್ಟೇ ನೀರು ಸುತ್ತಲಿಂದ ಒಳಕ್ಕೆ ಧುಮುಕುತ್ತದೆ, ಒಳಹರಿವು ನಿಂತರೆ ಬರೀ ಸಿಮೆಂಟು ಕಾಣುತ್ತದೆ. ಹಿಂದಿನ ದಿನಗಳಲ್ಲಿ ಮಳೆ ಬಂದಿದ್ದರೆ ಅದೃಷ್ಟ.

ತೋಟದ ರಸ್ತೆಗಳಲ್ಲಿ ಕಾಟ ಕೊಡುವುದು ಗುಂಡಿಗಿಂತ ಅಂಚು. ಮಳೆಗೆ ಮಣ್ಣು ಕೊಚ್ಚಿಹೋಗಿ ಡಾಂಬರು ಗೇಣುದ್ದ ಮೇಲೆ ನಿಂತಿರುತ್ತದೆ. ಜೀಪಿಗೆ ದಾರಿ ಬಿಡಲು ಎಡಕ್ಕೆ ಸರಿದರೆ ಸಣ್ಣ ಕಾರಿನ ತಳ ತಾಗುವುದು ಖಚಿತ. ಅಗಲ ಇರುವ ಕಡೆಯೇ ನಿಂತುಬಿಡಿ. ಸಿಲ್ವರ್ ಓಕ್ ಎಲೆ ನೆನೆದು ಬಿದ್ದಿರುವ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ, ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಡಿಮ್ ಸಾಕು. ಮ್ಯಾಪ್ ತೋರಿಸುವ ಒಳದಾರಿ ಎಷ್ಟೋ ಸಲ ಬೀಗ ಹಾಕಿದ ತೋಟದ ಗೇಟಿಗೆ ಮುಗಿಯುತ್ತದೆ, ಅಲ್ಲಿ ನೆಟ್‌ವರ್ಕೂ ಸಿಗದು. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಬಸ್ಸು ಓಡುವ ರಸ್ತೆಯನ್ನೇ ಹಿಡಿಯಿರಿ.

ಆನೆ ವಿಷಯ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಅವು ತೋಟದಿಂದ ತೋಟಕ್ಕೆ ದಾಟುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆ. ಕಂಡರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಬೇಡಿ, ಹಾರ್ನ್ ಬೇಡ, ಮೊಬೈಲ್ ಹಿಡಿದು ಇಳಿಯುವುದಂತೂ ಬೇಡವೇ ಬೇಡ. ಒಂದು ದಾಟಿತೆಂದು ಹೊರಡಬೇಡಿ, ಹಿಂದೆ ಮರಿ ಇರಬಹುದು.

ವಾಪಸಿಗೆ ಅಮ್ಮತ್ತಿ, ಗೋಣಿಕೊಪ್ಪ, ತಿತಿಮತಿ, ಹುಣಸೂರು. ಅಕ್ಟೋಬರ್ ಕೊನೆಗೆ ಸೂರ್ಯ ಆರು ಗಂಟೆ ಸುಮಾರಿಗೆ ಮುಳುಗುತ್ತಾನೆ. ಗೋಣಿಕೊಪ್ಪವನ್ನು ನಾಲ್ಕಕ್ಕೇ ಬಿಟ್ಟರೆ ತಿತಿಮತಿ ಆಚೆಯ ಕಾಡು ಬೆಳಕಿರುವಾಗಲೇ ದಾಟುತ್ತೀರಿ. ತಡವಾದರೆ ಗೋಣಿಕೊಪ್ಪದಲ್ಲೇ ಉಳಿದು ಬೆಳಗ್ಗೆ ಹೊರಡಿ.