ಧ್ಯಾನಕ್ಕೆ ಕೂತರೆ ತಲೆ ಇನ್ನೂ ಜಾಸ್ತಿ ಓಡುತ್ತೆ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಮನೆ, ಆಫೀಸು, ಇಬ್ಬರು ಮಕ್ಕಳು. ಇಡೀ ದಿನ ತಲೆಯಲ್ಲಿ ಏನಾದರೊಂದು ಲೆಕ್ಕಾಚಾರ. ಸ್ವಲ್ಪ ನೆಮ್ಮದಿ ಸಿಗಲಿ ಅಂತ ಫೋನಿಗೆ ಧ್ಯಾನದ ಆಪ್ ಹಾಕಿಕೊಂಡೆ. ಕಣ್ಣು ಮುಚ್ಚಿ ಕೂತ ಎರಡೇ ನಿಮಿಷಕ್ಕೆ ನಾಳೆಯ ಕೆಲಸ, ನಿನ್ನೆಯ ಜಗಳ ಎಲ್ಲ ಸಾಲುಗಟ್ಟಿ ಬರುತ್ತವೆ. ಒಮ್ಮೊಮ್ಮೆ ಎದೆ ಡವಡವ ಅನ್ನುತ್ತದೆ. ನನಗೆ ಇದು ಒಗ್ಗಲ್ಲ ಅನಿಸುತ್ತಿದೆ. ಕೂರದೆ ಮಾಡುವಂಥದ್ದು ಏನಾದರೂ ಇದೆಯಾ?

ಉತ್ತರ: ಇದೆ. ಆದರೆ ಮನಸ್ಸು ಖಾಲಿ ಆಗಬೇಕು ಅಂತ ನಿಮಗೆ ಯಾರು ಹೇಳಿದರು? ಎಲ್ಲರ ಮನಸ್ಸೂ ಓಡುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರ ಫೋನಿಗೆ ದಿನದ ಯಾವಯಾವುದೋ ಹೊತ್ತಲ್ಲಿ ಸಂದೇಶ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯಾ, ಹೇಗನಿಸುತ್ತಿದೆ ಅಂತ ಕೇಳಿದ್ದರು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಶೇಕಡಾ 47ರಷ್ಟು ಹೊತ್ತು ಜನರ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಅವರು ಅಷ್ಟೇನೂ ಖುಷಿಯಾಗಿರಲಿಲ್ಲ. ಖುಷಿಯ ವಿಷಯವನ್ನೇ ಯೋಚಿಸುತ್ತಿದ್ದವರೂ ಕೈಲಿರುವ ಕೆಲಸದಲ್ಲಿ ಮುಳುಗಿದ್ದವರಿಗಿಂತ ಹೆಚ್ಚು ಖುಷಿಯಾಗಿರಲಿಲ್ಲ!

ಹಾಗಾಗಿ ನಿಮಗೆ ನಾನು ಹೊಸ ಕೆಲಸ ಕೊಡುವುದಿಲ್ಲ, ಈಗಾಗಲೇ ಜಾಸ್ತಿ ಇದೆಯಲ್ಲ. ದಿನಾ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ. ಪಾತ್ರೆ ತೊಳೆಯುವುದು ಅಂತಲೇ ಇಟ್ಟುಕೊಳ್ಳಿ. ನೀರು ಎಷ್ಟು ತಣ್ಣಗಿದೆ, ಸೋಪಿನ ಜಾರು ಬೆರಳಿಗೆ ಹೇಗೆ ತಾಗುತ್ತದೆ, ಲೋಟ ತುಂಬುತ್ತಾ ಬಂದಂತೆ ನೀರಿನ ಸದ್ದು ಹೇಗೆ ಬದಲಾಗುತ್ತದೆ, ಗಮನಿಸಿ. ಭುಜ ಸುಮ್ನೆ ಬಿಗಿ ಹಿಡಿದು ನಿಂತಿದ್ದೀರಾ ಅಂತಲೂ ನೋಡಿ, ಹೆಚ್ಚಿನವರು ಹಾಗೇ ನಿಂತಿರುತ್ತಾರೆ. ಎರಡನೇ ಪಾತ್ರೆಗೆ ಬರುವಷ್ಟರಲ್ಲಿ ನಿನ್ನೆಯ ಜಗಳ ಬಂದೇ ಬರುತ್ತದೆ. ಬರಲಿ. ಅದಕ್ಕೆ ಉತ್ತರ ಹುಡುಕಲು ಹೋಗಬೇಡಿ, "ಓ, ಜಗಳದ ಯೋಚನೆ" ಅಂತ ಒಳಗೇ ಹೇಳಿಕೊಂಡು ಮತ್ತೆ ಕೈಯಲ್ಲಿರುವ ಪಾತ್ರೆಗೆ ಬನ್ನಿ. ಹತ್ತು ಸಲ ಓಡಿದರೆ ಹತ್ತು ಸಲ ಬನ್ನಿ. ಓಡಿದ್ದು ಗೊತ್ತಾಗಿ ವಾಪಸ್ ಬರುವುದೇ ಅಭ್ಯಾಸ, ನೀವು ಸೋಲು ಅಂದುಕೊಂಡಿದ್ದೂ ಅದನ್ನೇ!

ಇನ್ನೊಂದು, ಉಸಿರು. ಆರಾಮಾಗಿ ಇರುವಾಗ ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತೇವೆ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರದ ಪ್ರಭಾವದಿಂದ ಹೃದಯದ ಬಡಿತ ಕೊಂಚ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರನ್ನು ಉದ್ದ ಮಾಡಿ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಇಂಥ ಆರು ಉಸಿರಿಗೆ ಹೆಚ್ಚುಕಡಿಮೆ ಒಂದು ನಿಮಿಷ ಸಾಕು. ಆಫೀಸಿನಲ್ಲಿ ಮೀಟಿಂಗ್ ಶುರುವಾಗುವ ಮೊದಲು ಮಾಡಿದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಬಲವಂತವಾಗಿ ಎಳೆಯಬೇಡಿ, ತಲೆ ಸುತ್ತಿದಂತಾದರೆ ಬಿಟ್ಟುಬಿಡಿ.

ಎದೆ ಡವಡವ ಅನ್ನುತ್ತದೆ ಅಂದಿರಿ. ಕಣ್ಣು ಮುಚ್ಚಲೇಬೇಕು ಅನ್ನುವ ನಿಯಮ ಇಲ್ಲ. ಕೆಲವರಿಗೆ, ಅದರಲ್ಲೂ ಹಳೆಯ ಆಘಾತ ಏನಾದರೂ ಇದ್ದವರಿಗೆ, ಕಣ್ಣು ಮುಚ್ಚಿ ಒಳಗೇ ನೋಡುತ್ತಾ ಕೂತರೆ ಕಳವಳ ಹೆಚ್ಚಾಗುವುದುಂಟು. ಕಣ್ಣು ತೆರೆದು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಇಲ್ಲವೇ ನಿಧಾನ ನಡೆಯಿರಿ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವಂಥವರಿಗಾಗಿ ಶುರು ಮಾಡಿದ ಎಂಟು ವಾರಗಳ ಧ್ಯಾನದ ತರಬೇತಿಯಲ್ಲೂ ಮಲಗಿ ಮಾಡುವುದು, ನಡೆಯುತ್ತಾ ಮಾಡುವುದು ಎಲ್ಲ ಇದೆ. ಎಂಟು ವಾರ ಅನ್ನುವುದನ್ನೂ ಗಮನಿಸಿ, ನಾಲ್ಕೇ ದಿನಕ್ಕೆ ಫಲ ಕೇಳಬೇಡಿ.

ಡವಡವ ಬೇರೆ ಹೊತ್ತಲ್ಲೂ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆನೋವು, ಉಸಿರುಕಟ್ಟು ಇದ್ದರೆ ಕಾಯಲೇಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಸರಿಯಾಗಿ ಬರದೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಅಲ್ಲಿ ಪಾತ್ರೆ, ಉಸಿರು ಸಾಲುವುದಿಲ್ಲ.

ಆಪ್ ತೆಗೆಯಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಇರಲಿ, ಆದರೆ "ಇವತ್ತು ತಪ್ಪಿಸಿದಿರಿ" ಅಂತ ನೆನಪಿಸುವ ನೋಟಿಫಿಕೇಶನ್ ಮಾತ್ರ ಈಗಲೇ ಆಫ್ ಮಾಡಿ.